ಗುಲಾಬಿ ಗಾಡಿಯ ರೀಫರ್ ರಿಪೇರಿ: ಐದು ಭಾನುವಾರ ಕಳೆದವು

ಹೊಸಬರಿಗೆ ಎರಡೇ ಮಾತು. ಚಿಕ್ಕಬಳ್ಳಾಪುರದ ಹತ್ತಿರ ತಮ್ಮನ ಪಾಲಿಹೌಸ್ ಇದೆ, ಗುಲಾಬಿ ಬೆಂಗಳೂರಿಗೆ ಹೋಗುತ್ತದೆ, ಅದಕ್ಕಂತ ಸೆಕೆಂಡ್ ಹ್ಯಾಂಡ್ ರೀಫರ್ ಗಾಡಿ, ಅಂದರೆ ಫ್ರಿಜ್ ಥರ ತಣ್ಣಗಿರುವ ಬಾಕ್ಸಿನ ಗಾಡಿ ತಗೊಂಡಿದ್ದಾನೆ. ಕ್ಯಾಬಿನ್ ಮೇಲೆ ಕೂತಿರುವ, ತಂಪು ಮಾಡುವ ಯೂನಿಟ್‌ಗೆ ತನ್ನದೇ ಡೀಸೆಲ್ ಇಂಜಿನ್ ಇದೆ, ಗಾಡಿ ನಿಂತಾಗ ಪ್ಲಗ್ ಹಾಕಿ ಓಡಿಸಲು ಮೂರು ಫೇಸ್ ಮೋಟರ್ ಬೇರೆ. ಹೂವಿಗೆ 2ರಿಂದ 4 ಡಿಗ್ರಿ ಬೇಕು. ನಮ್ಮದು 14ರ ಕೆಳಗೆ ಇಳಿಯುತ್ತಲೇ ಇರಲಿಲ್ಲ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಎರಡನೇ ಭಾನುವಾರ ಸುಮ್ನೆ ನೋಡೋಣ ಅಂತ ಸೆಟ್ ಪಾಯಿಂಟ್ (ಎಷ್ಟು ತಣ್ಣಗಾಗಬೇಕು ಅನ್ನುವ ಗುರಿ) 18 ಡಿಗ್ರಿಗೆ ಇಟ್ಟಿದ್ದೆ, ಅಷ್ಟು ತಣ್ಣಗಾದ ಮೇಲೆ ಇಂಜಿನ್ ನಿಂತಿತು. ಸದ್ದಿಲ್ಲ ಅಂದರೆ ಆಫ್ ಅಂತ ನನ್ನ ಲೆಕ್ಕ. ಗಾರ್ಡ್ ಬಿಚ್ಚಿ, ಬೆಲ್ಟ್ ಎಷ್ಟು ಸಡಿಲ ಇದೆ ಅಂತ ಹೆಬ್ಬೆರಳಲ್ಲಿ ಒತ್ತುತ್ತಿದ್ದೆ. ಒಳಗೆಲ್ಲೋ ‘ಟಕ್’ ಅಂತು. ರಿಲೇ, ಅಂದರೆ ತಾನಾಗಿ ಆನ್ ಆಗುವ ಸ್ವಿಚ್ಚಿನ ಸದ್ದು. ಕೈ ತಾನಾಗಿ ಹಿಂದೆ ಬಂತು. ಡೀಸೆಲ್ ಹೊತ್ತಿಸಲು ನೆರವಾಗುವ ಗ್ಲೋ ಪ್ಲಗ್ ಬಿಸಿಯಾಗಲು ನಾಲ್ಕೈದು ಸೆಕೆಂಡ್, ಆಮೇಲೆ ಇಂಜಿನ್ ಸ್ಟಾರ್ಟ್, ಬೆಲ್ಟು, ಫ್ಯಾನು ಎಲ್ಲಾ ಗಿರ್ರನೆ ತಿರುಗಿದವು. ಬಾಗಿಲು ತೆರೆದಿಟ್ಟಿದ್ದೆವಲ್ಲ, ಬಾಕ್ಸ್ ಬಿಸಿಯಾಗಿ ಅದು ತನ್ನ ಕೆಲಸ ತಾನು ಶುರು ಮಾಡಿತ್ತು. ಪಂಪ್‌ಸೆಟ್‌ಗೆ ಆಟೋ ಸ್ಟಾರ್ಟರ್ ಹಾಕಿಸಿ, ಕರೆಂಟ್ ಇಲ್ಲ ಅಂತ ವೈರಿಗೆ ಕೈ ಹಾಕುವವರಿಗೆ ನಾನೇ ಎಷ್ಟು ಸಲ ಬೈದಿದ್ದೇನೆ, ಅಲ್ವಾ!

ಅವತ್ತಿನಿಂದ ಸ್ವಿಚ್ ಆಫ್, ಮೂರು ಫೇಸ್ ಪ್ಲಗ್ ಹೊರಗೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಟೇಪ್ ಸುತ್ತು. ಪ್ಲಗ್ಗನ್ನು ಟೂಲ್ ಬಾಕ್ಸಿನಲ್ಲಿಟ್ಟು ಬೀಗ ಹಾಕುತ್ತೇನೆ, ಬೀಗದ ಕೈ ನನ್ನ ಜೇಬಿನಲ್ಲಿ. ತಮ್ಮ “ಅಣ್ಣ, ಇಷ್ಟೆಲ್ಲಾ ಬೇಕಾ?” ಅಂದ. ಹೆಬ್ಬೆರಳು ತೋರಿಸಿದೆ.

ಮೂರನೇ ವಾರ ಅವನದೇ ಸರದಿ. ಬಾಕ್ಸಿನ ಒಳಗೆ ಇವಾಪರೇಟರ್ (ಗಾಳಿಯನ್ನು ತಣ್ಣಗೆ ಮಾಡುವ ಪೈಪಿನ ಸುರುಳಿ) ತೊಳೆಯುತ್ತಿದ್ದಾಗ ಹುಡುಗನೊಬ್ಬ ಹೊರಗಿಂದ ಬಾಗಿಲು ಹಾಕಿದ. ಒಳಗಿನ ಹಿಡಿ ತುಕ್ಕು ಹಿಡಿದು ಕಲ್ಲಾಗಿತ್ತು. ಬಡಿದದ್ದು ಕೇಳಿಸಿತು, ಸರಿಹೋಯಿತು. ತಂಪು ಮಾಡಲು ಪೈಪಿನಲ್ಲಿ ಸುತ್ತುವ ಗ್ಯಾಸು ಗಾಳಿಗಿಂತ ಭಾರ, ಲೀಕ್ ಆದರೆ ಅಂಥ ಬಾಕ್ಸಿನಲ್ಲಿ ತಳದಿಂದ ತುಂಬಿಕೊಂಡು ಉಸಿರಾಡುವ ಗಾಳಿಯನ್ನೇ ಹೊರಗೆ ತಳ್ಳುತ್ತದೆ. ಉಳಿದ ಕೆಲಸ ನಿಲ್ಲಿಸಿ ಅವತ್ತೇ ಹಿಡಿ ಬದಲಾಯಿಸಿದೆವು.

ತಂಪು ಸಾಲದ್ದಕ್ಕೆ ಕಾರಣವಾದ ಗ್ಯಾಸ್ ಲೀಕ್ ಸಿಕ್ಕಿತು. ಕಂಪ್ರೆಸರ್ ಪಕ್ಕದ, ಅದಕ್ಕೆ ಗ್ಯಾಸ್ ವಾಪಸ್ ತರುವ ಸಕ್ಷನ್ ಪೈಪಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು, ಸುತ್ತ ಎಣ್ಣೆ ಕಲೆ, ಅದರ ಮೇಲೆ ಧೂಳು ಅಂಟಿ ಕಪ್ಪಗಾಗಿತ್ತು. ಉಳಿದಿದ್ದ 404ಎ ಗ್ಯಾಸನ್ನು ಎಸಿ ಕೆಲಸದ ಭಾಯ್ ತಮ್ಮದೇ ರಿಕವರಿ ಮೆಷಿನ್ ತಂದು ಸಿಲಿಂಡರಿಗೆ ಎಳೆದರು. ಗಾಳಿಗೆ ಬಿಡುವುದು ಸುಲಭ, ಆದರೆ ಅದರ ಒಂದು ಕೆಜಿ ಭೂಮಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ ಸುಮಾರು 3,900 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಇನ್ನೊಂದು, ಪೈಪಿನಲ್ಲಿ ಗ್ಯಾಸ್ ಉಳಿದಿರುವಾಗ ಬೆಂಕಿ ತೋರಿಸಿದರೆ ವಿಷದ ಹೊಗೆ ಬರುತ್ತದೆ. ಬೆಸುಗೆ ಹಾಕಿದ್ದು ಶೆಡ್ಡಿನ ಹೊರಗೆ.

ಬೆಸುಗೆ ಆದ ಮೇಲೆ ಒತ್ತಡ ತುಂಬಿಸಿ ಲೀಕ್ ಟೆಸ್ಟ್ ಮಾಡಬೇಕಿತ್ತು. ಅದಕ್ಕೆ ಪಕ್ಕದ ವೆಲ್ಡಿಂಗ್ ಅಂಗಡಿಯವರು “ಆಕ್ಸಿಜನ್ ಸಿಲಿಂಡರ್ ಇದೆ, ಅದನ್ನೇ ಬಿಡಿ” ಅಂದರು. ಭಾಯ್ ಮುಖ ಕೆಂಪಾಯಿತು. ಒಳಗೆ ಕಂಪ್ರೆಸರ್ ಎಣ್ಣೆ ಇದೆ, ಒತ್ತಡದ ಆಕ್ಸಿಜನ್ ಅದಕ್ಕೆ ತಗುಲಿದರೆ ಬಾಂಬಿನ ಥರ ಸಿಡಿಯುತ್ತದೆ. ಒಣ ನೈಟ್ರೋಜನ್ನೇ ತಂದೆವು, ರೆಗ್ಯುಲೇಟರ್ ಸಮೇತ, ಯಾಕಂದರೆ ಆ ಸಿಲಿಂಡರಿನಲ್ಲಿ 150 ಬಾರ್ (ಸುಮಾರು 2,200 ಪಿಎಸ್‌ಐ) ಒತ್ತಡ ಇರುತ್ತದೆ. ಸಂಜೆ 30 ಡಿಗ್ರಿ ಇದ್ದಾಗ 150 ಪಿಎಸ್‌ಐ ತುಂಬಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ 145! ಎದೆ ಧಸಕ್ ಅಂತು. ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆಯೂ ಇಲ್ಲ. ಭಾಯ್ ನಗುತ್ತಾ, “ಬೆಳಿಗ್ಗೆ ಚಳಿ ಸಾರ್, ಹೊರಗೆ 20 ಡಿಗ್ರಿ, ಬಿಸಿಲು ಬರಲಿ” ಅಂದರು. ಮಧ್ಯಾಹ್ನ ಮುಳ್ಳು ಮತ್ತೆ 150ಕ್ಕೆ ಬಂತು.

ಗ್ಯಾಸ್ ಖರೀದಿಯಲ್ಲಿ ತಮ್ಮನಿಗೂ ನನಗೂ ಸಣ್ಣ ಜಗಳ. ಲೇಬಲ್ ಸರಿಯಿಲ್ಲದ ಸಿಲಿಂಡರ್ ಕಡಿಮೆಗೆ ಸಿಗುತ್ತಿತ್ತು. 2011ರಲ್ಲಿ 134ಎ (ತಂಪು ಮಾಡುವ ಇನ್ನೊಂದು ಗ್ಯಾಸ್) ಅಂತ ನಕಲಿ ಗ್ಯಾಸ್ ತುಂಬಿದ ಹಡಗಿನ ರೀಫರ್ ಕಂಟೇನರ್‌ಗಳು ಸ್ಫೋಟಿಸಿ ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಮೂವರು ಸತ್ತರು. ಅದರಲ್ಲಿ ಬೆರೆಸಿದ್ದ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗಿತ್ತು. ಇದನ್ನು ಹೇಳಿದ ಮೇಲೆ ತಮ್ಮ ಜಾಸ್ತಿ ಮಾತಾಡಲಿಲ್ಲ, ಬಿಲ್ ಇರುವ ಸಿಲಿಂಡರೇ ಬಂತು.

ಇವತ್ತು ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನೆಲ್ಲ ಪಂಪಿನಿಂದ ಎಳೆಯುವುದು. 500 ಮೈಕ್ರಾನಿಗೆ (ಒಳಗೆ ಉಳಿದ ಒತ್ತಡದ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) ಇಳಿಸಿ ವಾಲ್ವ್ ಮುಚ್ಚಿದೆವು. ನಿಧಾನವಾಗಿ 1,400ಕ್ಕೆ ಏರಿ ಅಲ್ಲೇ ನಿಂತಿತು. ಲೀಕ್ ಆಗಿದ್ದರೆ ಏರುತ್ತಲೇ ಇರುತ್ತಿತ್ತು, ನಿಂತಿದೆ ಅಂದರೆ ಒಳಗೆ ತೇವ ಉಳಿದಿದೆ. ತೇವ ಹೀರುವ ಡ್ರೈಯರ್ ಬದಲಾಯಿಸಿ ಮತ್ತೆ ಪಂಪ್ ಹಚ್ಚಿದ್ದೇವೆ, ನಾನು ಇದನ್ನು ಬರೆಯುವಾಗ ಶೆಡ್ಡಿನಲ್ಲಿ ಅದು ಗುರ್ರೆನ್ನುತ್ತಿದೆ. ಗ್ಯಾಸ್ ತುಂಬುವುದು ಮುಂದಿನ ಭಾನುವಾರ, ತೂಕದ ಲೆಕ್ಕದಲ್ಲಿ, ದ್ರವವಾಗಿಯೇ. ತಕ್ಕಡಿ ಭಾಯ್ ತರುತ್ತಾರೆ, ಕನ್ನಡಕ ಮತ್ತು ಗ್ಲೌಸ್ ನಾನು ತರಬೇಕು.