ಸಾತಾರಾ ಬೆಟ್ಟದ ಓಟಕ್ಕೆ ಒಬ್ಬರೇ ಕಾರಿನಲ್ಲಿ ಹೊರಟವರಿಗೆ

ಮಹಾರಾಷ್ಟ್ರದ ಸಾತಾರಾ ಹಿಲ್ ಹಾಫ್ ಮ್ಯಾರಥಾನ್ ಅಂದ ಕೂಡಲೇ ನಮ್ಮ ಕಡೆಯ ಓಟಗಾರರು ಕೇಳುವ ಮೊದಲ ಪ್ರಶ್ನೆ, "ಆ ಘಾಟ್ ಹತ್ತೋಕೆ ಆಗುತ್ತಾ?" ಅಂತ. ನಾನು ಧಾರವಾಡದಿಂದ ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ, ಅಲ್ಲಿ ಓಡಿ, ಮತ್ತೆ ಒಬ್ಬಳೇ ವಾಪಸ್ ಬಂದಿದ್ದೇನೆ. ನನ್ನ ಉತ್ತರ ಇಷ್ಟೇ: ಹತ್ತುವುದಕ್ಕೆ ತಯಾರಿ ಮಾಡಿಕೊಳ್ಳಬಹುದು. ಜಾಸ್ತಿ ಯೋಚನೆ ಮಾಡಬೇಕಾದ್ದು ಇಳಿಯುವುದರ ಬಗ್ಗೆ. ಇಳಿದ ಮೇಲೆ ಅದೇ ಕಾಲಿನಿಂದ ಕ್ಲಚ್ಚು, ಬ್ರೇಕು ತುಳಿದು ಮನೆ ಸೇರಬೇಕಲ್ಲ, ಅದರ ಬಗ್ಗೆ. ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದವರಿಗೆ ಈ ಚಿಂತೆ ಇಲ್ಲ. ಒಬ್ಬರೇ ಹೋಗುವವರು ಇಡೀ ಪ್ರವಾಸವನ್ನು ಇದನ್ನು ಇಟ್ಟುಕೊಂಡೇ ಯೋಜಿಸಬೇಕು.

ಗೊತ್ತಿಲ್ಲದವರಿಗೆ ಓಟದ ಪರಿಚಯ. ದೂರ 21.1 ಕಿ.ಮೀ. 2012ರಿಂದ ನಡೆಯುತ್ತಿದೆ. ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಇಲ್ಲವೇ ಸೆಪ್ಟೆಂಬರ್ ಶುರುವಿಗೆ ಒಂದು ಭಾನುವಾರ ಇರುತ್ತದೆ. ಊರೊಳಗಿಂದ ಹೊರಟು, ಯವತೇಶ್ವರ ಘಾಟ್ ಹತ್ತಿ, ಕಾಸ್ ಪ್ರಸ್ಥಭೂಮಿಯ ಕಡೆಗಿನ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರಬೇಕು. ಮೊದಲರ್ಧ ಹೆಚ್ಚೂಕಡಿಮೆ ಏರು, ಎರಡನೇ ಅರ್ಧ ಹೆಚ್ಚೂಕಡಿಮೆ ಇಳಿಜಾರು. 2015ರಲ್ಲಿ ಒಂದೇ ಬೆಟ್ಟದ ಓಟದಲ್ಲಿ ಅತಿ ಹೆಚ್ಚು ಜನ ಓಡಿದ್ದಕ್ಕೆ ಗಿನ್ನೆಸ್ ದಾಖಲೆಯೂ ಬಂತು. ಅಷ್ಟು ಜನ ಸೇರುತ್ತಾರೆ, ಊರು ಮಾತ್ರ ಸಣ್ಣದು. ಹಾಗಾಗಿ ನೋಂದಣಿ ತಿಂಗಳುಗಳ ಮುಂಚೆಯೇ ಬೇಗ ತುಂಬಿಹೋಗುತ್ತದೆ. ಹೆಸರು ಕೊಟ್ಟ ದಿನವೇ ರೂಮನ್ನೂ ಹಿಡಿದುಬಿಡಿ.

ರೂಮು ಎರಡು ರಾತ್ರಿಗೆ ಬೇಕು, ಶನಿವಾರ ಮತ್ತು ಭಾನುವಾರ. ಈ ಭಾನುವಾರದ ರಾತ್ರಿಯನ್ನು ಉಳಿಸಲು ಹೋಗಬೇಡಿ. ಓಟದ ದಿನ ಬೆಳಗಿನ ಜಾವ ಮೂರೂವರೆಗೆ ಏಳುತ್ತೀರಿ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರುವುದಿಲ್ಲ. ಓಡಿ ಮುಗಿಸಿ, ಸ್ನಾನ ಮಾಡಿ, ಹೊಟ್ಟೆ ತುಂಬ ಊಟ ಮಾಡಿ ಮಧ್ಯಾಹ್ನ ಹೈವೇಗೆ ಇಳಿದರೆ ಕಣ್ಣು ಎಳೆಯತೊಡಗುತ್ತದೆ. ಅದರ ಮೇಲೆ ಮೀನಖಂಡ ಹಿಡಿದುಕೊಳ್ಳುವ ಭಯ. ಕ್ಲಚ್ ತುಳಿದಾಗ ಎಡಗಾಲಿನ ಮೀನಖಂಡ ಸೆಟೆದುಕೊಂಡರೆ ಏನು ಮಾಡುತ್ತೀರಿ? ಪಕ್ಕದಲ್ಲಿ ಸ್ಟೀರಿಂಗ್ ಹಿಡಿಯುವವರು ಯಾರೂ ಇಲ್ಲ.

ಸೋಮವಾರ ಬೆಳಿಗ್ಗೆ ಕಾಲು ನೋಯುವುದಿಲ್ಲ ಅಂತಲ್ಲ. ನಿಜ ಹೇಳಬೇಕೆಂದರೆ ಸೋಮವಾರವೇ ಜಾಸ್ತಿ ನೋಯುತ್ತದೆ. ಇಳಿಜಾರು ಓಡುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿರುತ್ತದೆ. ಆ ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಆದರೆ ನೋವಿದ್ದರೆ ಎಚ್ಚರವಾಗಿಯೇ ಇರುತ್ತೀರಿ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಂಭಾಳಿಸಬಹುದು. ನಿದ್ದೆಯನ್ನು ಸಂಭಾಳಿಸಲು ಆಗುವುದಿಲ್ಲ. ರಜೆಯೇ ಸಿಗದವರು ಭಾನುವಾರ ಮಧ್ಯಾಹ್ನ ಎರಡು ಗಂಟೆ ಮಲಗಿ ಎದ್ದು ಕೊಲ್ಹಾಪುರದವರೆಗೆ ಮಾತ್ರ ಬನ್ನಿ. ಸುಮಾರು 120 ಕಿ.ಮೀ. ಅಲ್ಲಿ ಉಳಿದು ನಸುಕಿನಲ್ಲಿ ಹೊರಟರೆ ಆಯಿತು.

ಇನ್ನು ದಾರಿ. ಧಾರವಾಡದಿಂದ ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ್ ದಾಟಿ ಸಾತಾರಾ, ಮುನ್ನೂರು ಕಿಲೋಮೀಟರ್ ಚಿಲ್ಲರೆ. ಪೂರ್ತಿ ರಾಷ್ಟ್ರೀಯ ಹೆದ್ದಾರಿ 48, ನಮ್ಮ ಬಾಯಲ್ಲಿ ಇನ್ನೂ ಪಿ.ಬಿ. (ಪುಣೆ-ಬೆಂಗಳೂರು) ರೋಡು. ಹಿರೇಬಾಗೇವಾಡಿ, ಹತ್ತರಗಿ, ಕೊಗನೊಳ್ಳಿ, ಗಡಿ ದಾಟಿದ ಮೇಲೆ ಕಿಣಿ, ತಾಸವಡೆ, ಹೀಗೆ ಟೋಲ್ ಮೇಲೆ ಟೋಲ್. ಫಾಸ್ಟ್ಯಾಗ್‌ನಲ್ಲಿ ಹೋಗಿಬರುವಷ್ಟು ದುಡ್ಡು ಮೊದಲೇ ಹಾಕಿಡಿ. ಕಾಗಲ್‌ನಿಂದ ಸಾತಾರಾವರೆಗೆ ರಸ್ತೆಯನ್ನು ಆರು ಪಥ ಮಾಡುವ ಕೆಲಸ ವರ್ಷಗಳಿಂದ ನಡೆದಿದೆ. ಇದ್ದಕ್ಕಿದ್ದ ಹಾಗೆ ಹೈವೇ ಬಿಟ್ಟು ಸರ್ವೀಸ್ ರಸ್ತೆಗೆ ಇಳಿಸುತ್ತಾರೆ. ಮಳೆಯಲ್ಲಿ ಆ ತಿರುವುಗಳು ಕಾಣುವುದೇ ಇಲ್ಲ. ಆದ್ದರಿಂದ ಹೋಗುವಾಗ ಹಗಲಲ್ಲೇ ಹೋಗಿ. ಶನಿವಾರ ಬೆಳಿಗ್ಗೆ ಐದೂವರೆ, ಆರಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಸಾತಾರಾದಲ್ಲಿ ಇರುತ್ತೀರಿ. ಬಿಬ್, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ಓಟದ ನಂಬರ್ ಚೀಟಿ, ತೆಗೆದುಕೊಳ್ಳಲೂ ಸಮಯ ಸಿಗುತ್ತದೆ. ಓಟದ ದಿನ ಬೆಳಿಗ್ಗೆ ಬಿಬ್ ಕೊಡಬಹುದು ಅಂತ ನಂಬಿಕೊಂಡು ತಡವಾಗಿ ಹೊರಡಬೇಡಿ.

ಮಳೆಯ ಮಾತನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರದ ಶಿರೋಲಿ ಹತ್ತಿರ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. 2021ರ ಜುಲೈಯಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ರಸ್ತೆಗೆ ಬಂದಿದ್ದಳು. ಓಟ ಇರುವುದು ಇದೇ ಮಳೆಗಾಲದ ಕೊನೆಯಲ್ಲಿ. ಹೊರಡುವ ಹಿಂದಿನ ಎರಡು ದಿನ ಕೊಲ್ಹಾಪುರದ ಸುದ್ದಿ ನೋಡುತ್ತಿರಿ. ಗಣೇಶ ಚತುರ್ಥಿ ಯಾವಾಗ ಬಿದ್ದಿದೆ ಅಂತಲೂ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಹಬ್ಬದ ಹಿಂದೆಮುಂದೆ ಪುಣೆಯಿಂದ ಊರಿಗೆ ಹೊರಟ ಜನರೆಲ್ಲ ಇದೇ ರಸ್ತೆಯಲ್ಲಿ ಇರುತ್ತಾರೆ.

ಕಾರಿನ ಬಗ್ಗೆ ನನ್ನ ಒತ್ತಾಯ ವೈಪರ್ ಬ್ಲೇಡುಗಳದ್ದು. ಹಳೆಯದಾಗಿದ್ದರೆ ಬದಲಾಯಿಸಿ. ಸ್ಟೆಪ್ನಿಯ ಗಾಳಿ ನೋಡಿಸಿ. ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಸರ್ಟಿಫಿಕೇಟ್ ಫೋನ್‌ನಲ್ಲಿ ಇರಲಿ, ಕೆ.ಎ. ನಂಬರ್ ಪ್ಲೇಟ್ ನೋಡಿ ಅಲ್ಲಲ್ಲಿ ತಪಾಸಣೆಗೆ ನಿಲ್ಲಿಸಬಹುದು. ನಾನು ಹೊರಡುವಾಗ ಅವ್ವ "ಒಬ್ಬಾಕಿನ ಅಷ್ಟು ದೂರ ಯಾಕ ಹೊಕ್ಕೀ?" ಅಂದಿದ್ದಳು. ಅವಳಿಗೆ ಫೋನಿನ ಲೈವ್ ಲೊಕೇಶನ್ ಕಳಿಸುವುದನ್ನು ತೋರಿಸಿಕೊಟ್ಟೆ. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನಿಲ್ಲಿಸುವುದಿದ್ದರೆ ದೊಡ್ಡ ಪೆಟ್ರೋಲ್ ಬಂಕ್ ಇಲ್ಲವೇ ಕುಟುಂಬಗಳು ಊಟಕ್ಕೆ ನಿಂತಿರುವ ಹೋಟೆಲ್ ನೋಡಿ ನಿಲ್ಲಿಸಿ. ಈ ರಸ್ತೆಯಲ್ಲಿ ಅಂಥವು ಬೇಕಾದಷ್ಟಿವೆ, ಹಾಗಾಗಿ ಖಾಲಿ ಜಾಗದಲ್ಲಿ ನಿಲ್ಲುವ ಪ್ರಮೇಯವೇ ಬರುವುದಿಲ್ಲ. ಕೊಲ್ಹಾಪುರದವರೆಗೆ ಕನ್ನಡ ತಿಳಿಯುವವರು ಸಿಗುತ್ತಾರೆ, ಆಮೇಲೆ ಮರಾಠಿ ಇಲ್ಲವೇ ಹಿಂದಿ. ನನಗೆ ದಾರಿಯುದ್ದಕ್ಕೂ ಸಿಕ್ಕವರು ಒಳ್ಳೆಯವರೇ.

ಹೋಗುವಾಗ ಕೊಲ್ಹಾಪುರದ ತಾಂಬಡಾ, ಪಾಂಢರಾ ರಸ್ಸಾದ (ಮಾಂಸದ ಕೆಂಪು, ಬಿಳಿ ಸಾರು) ಆಸೆಗೆ ಬೀಳಬೇಡಿ. ಅದನ್ನು ವಾಪಸ್ ಬರುವಾಗ ತಿನ್ನಿ. ಶನಿವಾರ ರಾತ್ರಿ ಸಾತಾರಾದಲ್ಲಿ ವರಣ್ ಭಾತ್ ಕೇಳಿ. ಖಾರವಿಲ್ಲದ ಬೇಳೆ, ಅನ್ನ, ಮೇಲೆ ಸ್ವಲ್ಪ ತುಪ್ಪ, ಓಟದ ಹಿಂದಿನ ರಾತ್ರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೆಳಗಿನ ನಾಲ್ಕಕ್ಕೆ ಹೋಟೆಲಿನವರು ತಿಂಡಿ ಕೊಡುತ್ತಾರೆ ಅಂತ ಎಣಿಸಬೇಡಿ. ಬಾಳೆಹಣ್ಣು, ಬ್ರೆಡ್ಡು ರೂಮಿನಲ್ಲೇ ಇರಲಿ. ನಾನು ಮನೆಯಿಂದ ಶೇಂಗಾ ಹೋಳಿಗೆ ಒಯ್ಯುತ್ತೇನೆ. ಕೆಡುವುದಿಲ್ಲ, ಅರ್ಧ ತಿಂದರೆ ಸಾಕು. ಆದರೆ ನಿಮ್ಮ ಹೊಟ್ಟೆಗೆ ಒಗ್ಗುತ್ತಾ ಅಂತ ಊರಲ್ಲೇ ಒಂದು ಉದ್ದ ಓಟದ ದಿನ ಪರೀಕ್ಷಿಸಿ ನೋಡಿ.

ರೂಮು ಆದಷ್ಟು ಊರೊಳಗೆ ಇರಲಿ, ಪೋವಯಿ ನಾಕಾ ಸುತ್ತಮುತ್ತ. ಓಟ ಶುರುವಾಗುವ ಮೈದಾನಕ್ಕೆ ನಡೆದೇ ಹೋಗುವಂತಿದ್ದರೆ ಅರ್ಧ ತಲೆನೋವು ಕಡಿಮೆ. ಓಟದ ದಿನ ನಸುಕಿನಲ್ಲೇ ರಸ್ತೆಗಳು ಬಂದ್ ಆಗುತ್ತವೆ. ಕಾರು ಹೊರಗೆ ತೆಗೆದರೆ ಪಾರ್ಕಿಂಗ್ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಕಾರು ಹೋಟೆಲಿನ ಅಂಗಳದಲ್ಲೇ ಇರಲಿ.

ಕೀಲಿಯ ವಿಷಯ ಸಣ್ಣದಾಗಿ ಕಾಣಬಹುದು. ಜೊತೆಗೆ ಯಾರೂ ಇಲ್ಲದಾಗ ಅದೇ ದೊಡ್ಡದು. ಈಗಿನ ಕಾರುಗಳ ರಿಮೋಟ್ ಕೀಲಿ ಮಳೆಯಲ್ಲಿ, ಬೆವರಲ್ಲಿ ನೆನೆದು ಕೆಟ್ಟರೆ ಬೇರೆ ಊರಲ್ಲಿ ನಿಂತುಬಿಡುತ್ತೀರಿ. ಹೋಟೆಲಿನ ಕೌಂಟರ್‌ನಲ್ಲಿ ಕೊಟ್ಟು ಹೋಗಿ. ಇಲ್ಲವೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೊಂಟದ ಬೆಲ್ಟಿನಲ್ಲಿ ಇಟ್ಟುಕೊಳ್ಳಿ. ಎರಡನೇ ಕೀಲಿಯನ್ನು ಬ್ಯಾಗಿನಲ್ಲಿ ತಂದಿರಿ. ಬಿಬ್ ಹಿಂದೆ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆಯಿರಿ. ಅದರ ಜೊತೆ ಉಳಿದುಕೊಂಡ ಹೋಟೆಲಿನ ಹೆಸರನ್ನೂ ಬರೆಯಿರಿ. ಏನಾದರೂ ಆದರೆ ಸಹಾಯ ಮಾಡುವವರಿಗೆ ಮೊದಲು ಬೇಕಾಗುವುದು ಅದೇ.

ಓಟ ಶುರುವಾದಾಗ ಊರೇ ಬೀದಿಯಲ್ಲಿ ಇರುತ್ತದೆ. ಢೋಲು ಬಾರಿಸುವವರು, ಶಾಲೆಯ ಮಕ್ಕಳು, ಮನೆಯ ಮುಂದೆ ನಿಂತು ಚಪ್ಪಾಳೆ ತಟ್ಟುವ ಅಜ್ಜಿಯರು. ಒಬ್ಬಂಟಿಯಾಗಿ ಬಂದಿದ್ದೇನೆ ಅನ್ನುವುದೇ ಮರೆತುಹೋಯಿತು ನನಗೆ. ಆ ಹುರುಪಿನಲ್ಲಿ ಊರೊಳಗಿನ ಮೊದಲ ಕೆಲವು ಕಿಲೋಮೀಟರ್ ಜೋರಾಗಿ ಓಡುವವರು ಬಹಳ. ಅಲ್ಲೂ ರಸ್ತೆ ನಿಧಾನವಾಗಿ ಏರುತ್ತಲೇ ಇರುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ. ಗಡಿಯಾರದ ಪೇಸ್ ನೋಡಬೇಡಿ, ಉಸಿರನ್ನು ನೋಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆದರೆ ಸರಿಯಾದ ವೇಗದಲ್ಲಿದ್ದೀರಿ.

ಸಮರ್ಥ ಮಂದಿರದ ಕಡೆ ದಾಟಿ ಘಾಟ್ ಶುರುವಾದ ಮೇಲೆ ಹೆಜ್ಜೆ ಚಿಕ್ಕದು ಮಾಡಿ, ಕೈ ಬೀಸಿ. ಕಡಿದಾದ ತಿರುವಿನಲ್ಲಿ ನಡೆಯಲು ನಾಚಿಕೆ ಬೇಡ. ನಾಲ್ಕು ನಿಮಿಷ ಓಡಿ ಒಂದು ನಿಮಿಷ ಬಿರುಸಾಗಿ ನಡೆದೆ ನಾನು. ಪೂರ್ತಿ ಓಡುತ್ತಾ ಏದುಸಿರು ಬಿಡುತ್ತಿದ್ದ ಕೆಲವರು ಯವತೇಶ್ವರದ ಹೊತ್ತಿಗೆ ನನ್ನ ಪಕ್ಕದಲ್ಲೇ ಇದ್ದರು. ಮೇಲೆ ಹೋದಂತೆ ಮಂಜು, ಜಿಟಿಜಿಟಿ ಮಳೆ. ಎಡಕ್ಕೋ ಬಲಕ್ಕೋ ಮಂಜು ಸರಿದಾಗ ಕೆಳಗೆ ಊರು, ಅಜಿಂಕ್ಯತಾರಾ ಕೋಟೆ ಕಾಣುತ್ತದೆ. ಒಂದು ಕ್ಷಣ ನಿಂತು ನೋಡಿ. ಅದಕ್ಕಾಗಿಯೇ ಅಷ್ಟು ದೂರದಿಂದ ಬಂದಿದ್ದೀರಿ, ಅಲ್ವಾ? ಬಿಸಿಲಿಲ್ಲ ಅಂತ ನೀರು ಕುಡಿಯುವುದನ್ನು ಬಿಡಬೇಡಿ. ತಂಪಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಇಳಿಯುವಾಗ ಸ್ನಾಯು ಹಿಡಿದುಕೊಂಡವರನ್ನು ರಸ್ತೆ ಪಕ್ಕ ಬಹಳ ನೋಡಿದೆ.

ತಿರುಗಿದ ಮೇಲೆ ಎಲ್ಲರಿಗೂ ರೆಕ್ಕೆ ಬರುತ್ತದೆ. ಕಾರಿನಲ್ಲಿ ಬಂದವರು ಇಲ್ಲೇ ವೇಗವನ್ನು ಬಿಗಿ ಹಿಡಿಯಬೇಕು. ಉದ್ದುದ್ದ ಹೆಜ್ಜೆ ಹಾಕಿ ಹಿಮ್ಮಡಿ ಅಪ್ಪಳಿಸುತ್ತಾ ಇಳಿದರೆ ಐದು ನಿಮಿಷ ಉಳಿಯಬಹುದು. ಅದರ ಬೆಲೆ ಸೋಮವಾರ ಬ್ರೇಕ್ ಪೆಡಲ್ ಮೇಲೆ ಗೊತ್ತಾಗುತ್ತದೆ. ಹೆಜ್ಜೆ ಚಿಕ್ಕದು, ಬೇಗ ಬೇಗ ಇರಲಿ. ಪಾದ ದೇಹದ ಕೆಳಗೇ ಬೀಳಲಿ, ಮೊಣಕಾಲು ಸ್ವಲ್ಪ ಮಡಿಚಿರಲಿ. ಒದ್ದೆ ರಸ್ತೆಯ ಬಿಳಿ ಪಟ್ಟಿಗಳ ಮೇಲೆ ಕಾಲಿಡಬೇಡಿ, ಜಾರುತ್ತವೆ. ಇದಕ್ಕೆ ಅಭ್ಯಾಸ ಬೇಕು. ನಮ್ಮ ಧಾರವಾಡದಲ್ಲಿ ಛೋಟಾ ಮಹಾಬಳೇಶ್ವರ ಅನ್ನುವ ವಿಶ್ವವಿದ್ಯಾಲಯದ ಗುಡ್ಡ ಇದೆ. ಅಲ್ಲಿ ಹತ್ತಿದಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಿದೆ. ಮೈಸೂರಿನವರಿಗೆ ಚಾಮುಂಡಿ, ಬೆಂಗಳೂರಿನವರಿಗೆ ನಂದಿ ಇದೆ. ಹತ್ತಿ, ಇಳಿಯುವಾಗ ಗಾಡಿ ಹತ್ತಿ ಬರುವ ಅಭ್ಯಾಸ ಇದ್ದರೆ ಸಾತಾರಾಕ್ಕೆ ಅದು ಸಾಲದು.

ಮುಗಿಸಿದ ಕೂಡಲೇ ಕೂತುಬಿಡಬೇಡಿ. ಹತ್ತು ಹದಿನೈದು ನಿಮಿಷ ನಡೆಯಿರಿ, ಒದ್ದೆ ಬಟ್ಟೆ ಬದಲಾಯಿಸಿ. ಶೂ ಒಳಗೆ ಹಳೆಯ ಪೇಪರ್ ತುರುಕಿ ಇಟ್ಟರೆ ಮರುದಿನಕ್ಕೆ ಅರ್ಧ ಒಣಗಿರುತ್ತದೆ. ಕಾರು ಓಡಿಸಲು ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಇನ್ನೊಂದು ಜೊತೆ ಶೂ ಇರಲಿ. ಊದಿದ ಪಾದಕ್ಕೆ ಸ್ವಲ್ಪ ಸಡಿಲವಾಗಿದ್ದರೆ ಒಳ್ಳೆಯದು.

ಭಾನುವಾರ ಸಂಜೆ ಊರಲ್ಲಿ ನಿಧಾನವಾಗಿ ಅಡ್ಡಾಡಿ. ಕಾಲಿಗೂ ಒಳ್ಳೆಯದು, ಕಂದಿ ಪೇಡೆಯೂ ಸಿಗುತ್ತದೆ. ಪೇಡೆಯ ಊರಿನಿಂದ ಹೋದವಳು ನಾನು, ಆದರೂ ಹೇಳುತ್ತೇನೆ, ಸಾತಾರಾದ ಪೇಡೆ ಬೇರೆಯೇ ರುಚಿ, ಬಿಡಬೇಡಿ. ಕಾಸ್ ಪ್ರಸ್ಥಭೂಮಿ ಸುಮಾರು 25 ಕಿ.ಮೀ. ಮೇಲಿದೆ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಅದೂ ಒಂದು. ಓಟದ ಹೊತ್ತಿಗೆ ಹೂವು ಆಗಷ್ಟೇ ಶುರುವಾಗಿರುತ್ತದೆ, ನೆಲ ತುಂಬಾ ಅರಳುವುದು ಸೆಪ್ಟೆಂಬರ್ ನಡುವಿನ ಹೊತ್ತಿಗೆ. ನೋಡುವ ಆಸೆ ಇದ್ದರೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ. ಆದರೆ ಅದಕ್ಕೆ ಸೋಮವಾರ ಪೂರ್ತಿ ಕೊಟ್ಟು, ವಾಪಸ್ ಪ್ರಯಾಣ ಮಂಗಳವಾರಕ್ಕೆ ಇಟ್ಟುಕೊಳ್ಳಿ. ಒಂದೇ ದಿನ ಘಾಟ್ ಹತ್ತಿಳಿದು ಮತ್ತೆ ಮುನ್ನೂರು ಕಿಲೋಮೀಟರ್ ಓಡಿಸುವುದು ಆ ಕಾಲಿಗೆ ಜಾಸ್ತಿ.

ವಾಪಸ್ ಹೊರಡುವ ಮುಂಚೆ, ಕಾರು ನಿಂತಿರುವಾಗಲೇ ಕೂತು ಕ್ಲಚ್ಚು, ಬ್ರೇಕು ಪೂರ್ತಿ ಕೆಳಗೆ ಹೋಗುವ ಹಾಗೆ ಹತ್ತು ಸಲ ತುಳಿದು ನೋಡಿ. ಜೋರಾಗಿ ತುಳಿಯುವಾಗ ಕಾಲು ತಡವರಿಸಿದರೆ ಇನ್ನೊಂದೆರಡು ಗಂಟೆ ನಡೆದಾಡಿ ಹೊರಡಿ. ಬೆಂಗಳೂರಿಗೆ ಹೋಗುವವರಿಗೆ ಸಾತಾರಾದಿಂದ 700 ಕಿಲೋಮೀಟರ್ ಮೇಲಾಗುತ್ತದೆ. ಒಂದೇ ಏಟಿಗೆ ಹೋಗುವ ಹಟ ಬೇಡ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ರಾತ್ರಿ ಉಳಿದು, ಬೆಳಿಗ್ಗೆ ಕಾಲು ಸ್ವಲ್ಪ ಸಡಿಲವಾದ ಮೇಲೆ ಮುಂದೆ ಹೊರಡಿ.