ಧಾರಾವಾಹಿಗಳು ಮನೆ ಒಡೆಯುತ್ತವೆಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಧಾರವಾಡದಲ್ಲಿ ಕನ್ನಡ ಪಾಠ ಹೇಳುವುದು ನನ್ನ ಕೆಲಸ. ತರಗತಿಯಲ್ಲಿ ಕಾವ್ಯ, ಕಾದಂಬರಿಗಳ ಜೊತೆಗೆ ಸಿನಿಮಾಗಳನ್ನೂ ಚರ್ಚಿಸುತ್ತೇನೆಂದು ಗೊತ್ತಿರುವವರು ಮದುವೆ ಮನೆಯಲ್ಲೋ ಹುಬ್ಬಳ್ಳಿಯ ಬಸ್ಸಿನಲ್ಲೋ ಸಿಕ್ಕರೆ ಒಂದೇ ಪ್ರಶ್ನೆ: "ಮೇಡಂ, ಈ ಧಾರಾವಾಹಿಗಳಿಂದಲೇ ಅಲ್ಲವೇ ನಮ್ಮ ಮನೆಗಳು ಒಡೆಯುತ್ತಿರುವುದು?" ಅದರ ಬೆನ್ನಿಗೇ, "ಹಳೆಯ ಸಿನಿಮಾಗಳಲ್ಲಿ ಎಂಥ ಕೂಡು ಕುಟುಂಬಗಳಿದ್ದವು!" ಎಂಬ ಉದ್ಗಾರ.

ಜಗಳ ತೋರಿಸಿದ ಮಾತ್ರಕ್ಕೆ ಮನೆ ಒಡೆಯುತ್ತದೆಂದು ನಾನು ನಂಬುವುದಿಲ್ಲ. ಜಗಳದ ಬೇರನ್ನು ಮುಚ್ಚಿಡುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಹೊಲ ಯಾರ ಹೆಸರಿನಲ್ಲಿದೆ, ದುಡ್ಡು ಯಾರ ಕೈಯಲ್ಲಿದೆ, ಕೊನೆಗೆ ಉಣ್ಣಲು ಕೂರುವವರು ಯಾರು ಎಂಬುದನ್ನು ತೆರೆಯ ಮೇಲಿನ ಕುಟುಂಬ ಹೇಳುವುದೇ ಇಲ್ಲ. ಲೆಕ್ಕದ ಜಗಳವನ್ನೆಲ್ಲ ಅದು ಗುಣದ ಜಗಳವನ್ನಾಗಿ ಮಾಡಿಬಿಡುತ್ತದೆ. ಒಳ್ಳೆಯ ಸೊಸೆ ಸಹಿಸುತ್ತಾಳೆ, ಕೆಟ್ಟ ಸೊಸೆ ಪಾಲು ಕೇಳುತ್ತಾಳೆ.

ಇದು ಧಾರಾವಾಹಿಗಳು ತಂದ ರೋಗವೂ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ ಬಂದದ್ದು 1934ರಲ್ಲಿ. ಎರಡೇ ವರ್ಷಕ್ಕೆ, 1936ರಲ್ಲಿ, ನಮ್ಮ ಮೊದಲ ಸಾಮಾಜಿಕ ಚಿತ್ರ ಬಂತು. ಅದರ ಹೆಸರೇ 'ಸಂಸಾರ ನೌಕೆ'. ಅಲ್ಲಿಂದ ಇಲ್ಲಿಯವರೆಗೆ ಕುಟುಂಬ ನಮ್ಮ ಸಿನಿಮಾದ ಕೈಬಿಟ್ಟಿಲ್ಲ. 1972ರ 'ಬಂಗಾರದ ಮನುಷ್ಯ'ವನ್ನೇ ನೋಡಿ. ನನಗೆ ತುಂಬ ಪ್ರೀತಿಯ ಚಿತ್ರ. ಬಂಡೆಗಲ್ಲಿನ ನೆಲವನ್ನು ಹಸಿರು ಮಾಡುವ ರಾಜೀವನನ್ನು ನೋಡಿ ಹಳ್ಳಿಗೆ ಮರಳಿದವರ ಕಥೆಗಳನ್ನು ಇಂದಿಗೂ ಹೇಳುತ್ತಾರೆ. ಅಕ್ಕನ ಸಂಸಾರಕ್ಕಾಗಿ ದುಡಿದ ಆತ, ಅಕ್ಕನ ಮಗನೇ ಆಸ್ತಿಯ ವಿಷಯದಲ್ಲಿ ಅನುಮಾನಿಸಿದಾಗ ತನ್ನದೆಂದು ಏನನ್ನೂ ಕೇಳದೆ ಊರು ಬಿಟ್ಟು ಹೊರಟುಹೋಗುತ್ತಾನೆ. ನಾವು ಕಣ್ಣೊರೆಸಿಕೊಳ್ಳುತ್ತೇವೆ. ಕೇಳದವನೇ ದೊಡ್ಡವನು ಎಂಬುದು ಆ ಕಣ್ಣೀರಿನೊಂದಿಗೆ ನಮ್ಮೊಳಗೆ ಇಳಿಯುತ್ತದೆ. ಗಂಡಸಿಗೆ ಅದು ತ್ಯಾಗವಾದರೆ, ಹೆಣ್ಣುಮಗಳಿಗೆ ಅದೇ ಕಟ್ಟಳೆ.

ಆ ಕಟ್ಟಳೆ ನಡೆಯುವುದನ್ನು ಕಣ್ಣಾರೆ ನೋಡಬೇಕೆಂದರೆ ಉಪನೋಂದಣಿ ಕಚೇರಿಯ ಅಂಗಳದಲ್ಲಿ ಒಂದು ಮಧ್ಯಾಹ್ನ ಕೂತರೆ ಸಾಕು. ಒಮ್ಮೆ ನಾನು ಬೇರೆ ಕೆಲಸಕ್ಕೆ ಹೋಗಿ ಕಾಯುತ್ತಿದ್ದೆ. ಅಣ್ಣನೊಬ್ಬ ಮೂವರು ತಂಗಿಯರನ್ನು ಕಾರಿನಲ್ಲಿ ಕರೆತಂದಿದ್ದ. ತವರಿನ ಆಸ್ತಿಯಲ್ಲಿ ತಮ್ಮ ಪಾಲು ಬೇಡವೆಂದು ತಂಗಿಯರು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರ. ಬರಹಗಾರ ಅದನ್ನು ಮಂತ್ರದ ವೇಗದಲ್ಲಿ ಓದುತ್ತಿದ್ದ, "ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬಲ್ಲಿಗೆ ಬಂದಾಗ ಕಿರಿಯವಳು, "ಒಟ್ಟು ಎಷ್ಟು ಎಕರೆ?" ಎಂದು ಕೇಳಿದಳು. ಅಣ್ಣ ಮೊಬೈಲ್ ನೋಡತೊಡಗಿದ. ಹಿರಿಯವಳು ತಂಗಿಯ ಮೊಣಕೈ ಹಿಡಿದು, "ಪಂಚಮಿಗೆ ಬರುವುದು ಬೇಡವೇನು ನಿನಗೆ?" ಎಂದಳು. ಅಷ್ಟೇ. ಮೂವರೂ ಹೆಬ್ಬೆಟ್ಟಿನ ಗುರುತು ಕೊಟ್ಟು, ಫೋಟೊ ತೆಗೆಸಿಕೊಂಡು ಹೊರಬಂದರು. ಕಾರಿನಲ್ಲಿ ಮೂರು ಹೊಸ ಸೀರೆಗಳ ಚೀಲವಿತ್ತು. ಅಣ್ಣ ಕೆಟ್ಟವನಂತೆ ಕಾಣಲಿಲ್ಲ. ತಂಗಿಯರಿಗೆ ಊಟ ಮಾಡಿಸಲು ಖಾನಾವಳಿ ಹುಡುಕುತ್ತಿದ್ದ.

ಪಂಚಮಿಗೆ ತಂಗಿಯನ್ನು ಕರೆಯಲು ಬರುವ ಅಣ್ಣನ ಮೇಲೆ ನಮ್ಮಲ್ಲಿ ಎಷ್ಟು ಹಾಡು, ಎಷ್ಟು ಸಿನಿಮಾ ದೃಶ್ಯಗಳಿವೆ! ಆ ಕರೆಗೆ ಬೆಲೆ ಕಟ್ಟುವ ಈ ಅಂಗಳದ ದೃಶ್ಯವನ್ನು ತೆರೆಯ ಮೇಲೆ ನಾನು ಕಂಡೇ ಇಲ್ಲ. ಕಾನೂನು ಯಾವಾಗಲೋ ಮುಂದೆ ಹೋಗಿದೆ. ಹಿಂದೂ ಕುಟುಂಬಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ತೆರೆಯ ಮೇಲೆ ಪಾಲು ಕೇಳಿದ ಮಗಳಿಗೆ ಸಿಗುವ ಹಿನ್ನೆಲೆ ಸಂಗೀತ ಬದಲಾಗಿಲ್ಲ.

ಧಾರಾವಾಹಿ ಮಾಡುವವರ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ಬಾಡಿಗೆಗೆ ಹಿಡಿದ ಒಂದು ದೊಡ್ಡ ಮನೆಯೊಳಗೇ ವಾರಪೂರ್ತಿ ಚಿತ್ರೀಕರಣ ಮುಗಿಯಬೇಕು, ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ, ನಾಳೆಗೂ ಕಥೆ ಉಳಿಯಬೇಕು. ತಹಶೀಲ್ದಾರರ ಕಚೇರಿಗಿಂತ ಅಡುಗೆಮನೆಯ ಒಳಸಂಚು ಅಗ್ಗ. ಅಂದಮಾತ್ರಕ್ಕೆ ಒಪ್ಪಿಕೊಳ್ಳಬೇಕಿಲ್ಲ. (ಆ ದೊಡ್ಡ ಮನೆಯ ಯಜಮಾನರು ಹಳೆ ಮೈಸೂರಿನ ಕನ್ನಡವನ್ನೂ, ಆಳುಕಾಳುಗಳು ಮಾತ್ರ ನಮ್ಮ ಕಡೆಯ ಕನ್ನಡವನ್ನೂ ಆಡುವುದು ಇನ್ನೊಂದು ನೋವು. ಅದನ್ನು ಪ್ರತ್ಯೇಕವಾಗಿಯೇ ಬರೆಯಬೇಕು.)

ಲೆಕ್ಕ ಬಂದರೆ ಕಥೆಯ ರಸ ಹೋಗುತ್ತದೆ ಎನ್ನುವವರಿಗೆ ನಾನು 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆ ಓದಿಸುತ್ತೇನೆ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳುವುದಿಲ್ಲ. ಸೊಸೆಯೊಬ್ಬಳನ್ನು ಬಲಿ ಕೊಡಬೇಕು. ಹಿರಿಯ ಸೊಸೆಯಿಲ್ಲದೆ ಮನೆಯ ಹಿರಿತನ ನಡೆಯದು. ಹಾಗಾಗಿ ಕಿರಿಯವಳು ಭಾಗೀರಥಿ. ಯಾರ ಕೆಡುಕುತನವೂ ಬೇಕಾಗಿಲ್ಲ. ಆ ಮನೆ ನಡೆಯುವ ರೀತಿಯೇ ಅವಳನ್ನು ಆರಿಸುತ್ತದೆ. ತವರಿಗೆ ಹೋದ ಅವಳು ತಂದೆಯ ಮುಂದೆ ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇನೆ ಎಂದು ತಂದೆ ಕೂಡಲೇ ಹೇಳುತ್ತಾನೆ. ಮಗಳ ಸಂಕಟ ಅವನಿಗೆ ಕಾಣುವುದು ಆಸ್ತಿಯ ಭಾಷೆಯಲ್ಲಿ ಮಾತ್ರ. ನಿಜವನ್ನು ಅವಳು ಹೇಳುವುದು ಗೆಳತಿಗೆ. ಅಕ್ಷರ ಬಾರದ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡಿ ಉಳಿಸಿದ ಇಂಥ ಪದಗಳಲ್ಲಿ ಹೊಲವೂ ಇದೆ, ಹಿರಿತನವೂ ಇದೆ, ದಂಡಿನಲ್ಲಿರುವ ಗಂಡನೂ ಇದ್ದಾನೆ. ರಸಕ್ಕೇನು ಕಡಿಮೆಯಾಗಿದೆ?

ಈಗ ತರಗತಿಯಲ್ಲಿ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಎಲ್ಲರೂ ನೋಡುವ ಧಾರಾವಾಹಿಯನ್ನು ಒಂದು ವಾರ ನೋಡಿ, ಆ ಮನೆ ಯಾರ ಹೆಸರಿನಲ್ಲಿದೆ, ಖರ್ಚಿಗೆ ಯಾರು ಕೊಡುತ್ತಾರೆ, ಪಾತ್ರೆ ಯಾರು ತಿಕ್ಕುತ್ತಾರೆ ಎಂದು ಬರೆಯಬೇಕು. ಬಳಿಕ ಅದೇ ಪ್ರಶ್ನೆಗಳನ್ನು ಸ್ವಂತ ಮನೆಗೆ ಹಾಕಬೇಕು. ಮೊದಲ ಭಾಗಕ್ಕೆ ಹೆಚ್ಚಿನವರಲ್ಲಿ ಉತ್ತರವೇ ಇರುವುದಿಲ್ಲ. ಎರಡನೆಯ ಭಾಗಕ್ಕೆ ಕುಂದಗೋಳ ಕಡೆಯ ಹುಡುಗಿಯೊಬ್ಬಳು ಹೊಲದ ಉತಾರವನ್ನೇ, ಅಂದರೆ ಪಹಣಿಯನ್ನೇ, ತೆಗೆಸಿಕೊಂಡು ಬಂದಳು. ಅಜ್ಜ ತೀರಿಕೊಂಡ ಮೇಲೆ ವಾರಸಾ ಹಚ್ಚುವಾಗ, ಅಂದರೆ ವಾರಸುದಾರರ ಹೆಸರು ಸೇರಿಸುವಾಗ, ಅಪ್ಪ, ಚಿಕ್ಕಪ್ಪನ ಹೆಸರು ಮಾತ್ರ ಏರಿತ್ತು, ಸೋದರತ್ತೆಯರ ಹೆಸರಿರಲಿಲ್ಲ. "ಇದನ್ನು ಕೇಳಿದರೆ ನಾನು ಧಾರಾವಾಹಿಯ ವಿಲನ್ ಆಗುತ್ತೇನಾ, ಮೇಡಂ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಹಾಗಾದರೆ ಸಾಲದಲ್ಲೂ ಪಾಲು ತೆಗೆದುಕೊಳ್ಳುತ್ತಾರೇನು ಎಂದು ಕೇಳಿದ. ಅವಳು, "ಅದನ್ನೂ ಬರೆಯೋಣ, ಎಷ್ಟಿದೆ ಹೇಳು" ಎಂದಳು. ಅವತ್ತಿನ ಪಾಠವನ್ನು ನಾನು ಮರುದಿನಕ್ಕೆ ಮುಂದೂಡಿದೆ.