ಇಷ್ಟೇ ಜನಕ್ಕೆ ಒಂದು ಸಂಘ ಯಾಕೆ?

ನಮ್ಮ ಚಿಕ್ಕಮ್ಮ ಕೇಳುತ್ತಾರೆ, ಆಸ್ಪತ್ರೆಯ ಅಕೌಂಟ್ಸ್‌ನವರು ಕೇಳುತ್ತಾರೆ, ಕಿಡ್ನಿ ಡಾಕ್ಟರುಗಳೂ ಕೇಳುತ್ತಾರೆ. "ಕಿಡ್ನಿ ಬಯಾಪ್ಸಿ ನೋಡುವ ಪೆಥಾಲಜಿಸ್ಟ್‌ಗಳು ಇರೋದೇ ಕೆಲವು ಜನ. ಅಷ್ಟಕ್ಕೆ ಒಂದು ಸಂಘ, ಅದಕ್ಕೊಬ್ಬರು ಕಾರ್ಯದರ್ಶಿ, ತಿಂಗಳಿಗೊಂದು ಸಭೆ. ಇದೆಲ್ಲ ಬೇಕಾ ಮೇಡಂ?" ಚಿಕ್ಕಮ್ಮ ಮಾತ್ರ ಮೇಡಂ ಅನ್ನುವುದಿಲ್ಲ, ಉಳಿದದ್ದೆಲ್ಲ ಅದೇ ಪ್ರಶ್ನೆ. ಆ ಕಾರ್ಯದರ್ಶಿ ನಾನು. ನಿಂತಲ್ಲೇ ಎರಡು ಮಾತು ಹೇಳಿ ಬಂದರೆ ನನಗೇ ಸಮಾಧಾನ ಆಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಬೇಕು. ಕಡಿಮೆ ಜನ ಇರುವುದಕ್ಕೇ ಬೇಕು.

ಮೊದಲು ನಮ್ಮ ಕೆಲಸ ಏನು ಅಂತ ಹೇಳುತ್ತೇನೆ. ಸೂಜಿ ಹಾಕಿ ಕಿಡ್ನಿಯಿಂದ ತೆಗೆದ ತುಣುಕು ನಮಗೆ ಬರುತ್ತದೆ. ಒಂದೂವರೆ ಸೆಂಟಿಮೀಟರ್ ಉದ್ದ ಇದ್ದರೆ ಹೆಚ್ಚು, ದಪ್ಪ ಒಂದು ಶಾವಿಗೆ ಎಳೆಯಷ್ಟು. ಅದನ್ನು ಮೇಣದಲ್ಲಿ ಕೂರಿಸಿ, ಎರಡು ಮೂರು ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಪದರಗಳಾಗಿ ಕೊಯ್ದು, ಬಣ್ಣ ಹಾಕಿ ನೋಡುತ್ತೇವೆ. ಒಂದು ಕಿಡ್ನಿಯಲ್ಲಿ ರಕ್ತ ಸೋಸುವ ಗೊಂಚಲುಗಳು, ಅಂದರೆ ಗ್ಲೊಮೆರುಲಸ್‌ಗಳು, ಸುಮಾರು ಹತ್ತು ಲಕ್ಷ. ನಮಗೆ ಸಿಗುವುದು ಹತ್ತೋ ಇಪ್ಪತ್ತೋ. ಅಷ್ಟನ್ನೇ ನೋಡಿ ನಾವೊಂದು ಸಾಲು ಬರೆಯುತ್ತೇವೆ. ಆ ಸಾಲು ಓದಿ ಅಲ್ಲಿ ಡಾಕ್ಟರು ಔಷಧಿ ಶುರು ಮಾಡುತ್ತಾರೆ.

ಬೇರೆ ಪೆಥಾಲಜಿಸ್ಟ್‌ಗೆ ಅನುಮಾನ ಬಂದರೆ ಪಕ್ಕದ ರೂಮಿಗೆ ಸ್ಲೈಡ್ ಹಿಡಿದುಕೊಂಡು ಹೋಗಬಹುದು. "ಸರ್, ಇದನ್ನ ಒಂದ್ಸಲ ನೋಡಿ" ಅನ್ನಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಆ ಪಕ್ಕದ ರೂಮೇ ಇಲ್ಲ. ಇಡೀ ಆಸ್ಪತ್ರೆಗೆ, ಕೆಲವು ಕಡೆ ಇಡೀ ಊರಿಗೆ, ಕಿಡ್ನಿ ನೋಡುವವರು ಒಬ್ಬರೇ. ಒಬ್ಬರೇ ವರ್ಷಗಟ್ಟಲೆ ನೋಡುತ್ತಾ ಹೋದರೆ ಕಣ್ಣಿಗೆ ಅದರದೇ ಒಂದು ಅಭ್ಯಾಸ ಬೀಳುತ್ತದೆ. ಅದು ಸರಿಯೋ ತಪ್ಪೋ ಅಂತ ಹೇಳುವವರು ಇರುವುದಿಲ್ಲ.

ಲೂಪಸ್ ಕಾಯಿಲೆಯನ್ನೇ ತೆಗೆದುಕೊಳ್ಳಿ. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಇದು. ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬರುತ್ತದೆ, ಹಲವರಲ್ಲಿ ಕಿಡ್ನಿಗೂ ಏರುತ್ತದೆ. ಬಯಾಪ್ಸಿ ನೋಡಿ ನಾವು ಅದಕ್ಕೆ ಒಂದು ಕ್ಲಾಸ್, ಅಂದರೆ ಕಿಡ್ನಿ ಯಾವ ಥರ ಕೆಟ್ಟಿದೆ ಅನ್ನುವ ವರ್ಗ, ಬರೆಯಬೇಕು. ಕ್ಲಾಸ್ 2 ಅಂದರೆ ಸಾಮಾನ್ಯವಾಗಿ ಕಿಡ್ನಿಗೆಂದೇ ಜೋರು ಔಷಧಿ ಬೇಕಾಗುವುದಿಲ್ಲ. ಕ್ಲಾಸ್ 3 ಅಂದರೆ ಬೇಕು. ಸ್ಟೀರಾಯ್ಡ್ ಜೊತೆಗೆ ಮೈಕೋಫಿನೊಲೇಟ್ ಅಥವಾ ಸೈಕ್ಲೊಫಾಸ್ಫಮೈಡ್ ಕೊಡುತ್ತಾರೆ. ಸೈಕ್ಲೊಫಾಸ್ಫಮೈಡ್ ಜಾಸ್ತಿಯಾದರೆ ಮುಂದೆ ಮಕ್ಕಳಾಗುವುದಕ್ಕೇ ತೊಂದರೆ ಆಗಬಹುದು. ಈ ಎರಡು ಕ್ಲಾಸ್‌ಗಳ ನಡುವಿನ ವ್ಯತ್ಯಾಸ ಒಂದೇ ಒಂದು ಗೊಂಚಲಿನಲ್ಲಿ ಇರಬಹುದು. ಅದರ ನಾಳದೊಳಗೆ ಜೀವಕೋಶಗಳು ತುಂಬಿಕೊಂಡಿವೆಯೋ ಇಲ್ಲವೋ? ನಾನು ಹೌದು ಅಂದು, ಧಾರವಾಡದಲ್ಲಿ ಕೂತ ಇನ್ನೊಬ್ಬರು ಇಲ್ಲ ಅಂದರೆ ಆ ಹುಡುಗಿಯ ಗತಿ ಏನು?

ಜಗತ್ತಿನ ದೊಡ್ಡ ಸಂಘಗಳು ಹೆಣಗಿದ್ದೂ ಇದಕ್ಕೇ. ಅಂತಾರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ ಮತ್ತು ರೀನಲ್ ಪೆಥಾಲಜಿ ಸೊಸೈಟಿ ಸೇರಿ ಲೂಪಸ್‌ಗೆ ಹೊಸ ವರ್ಗೀಕರಣ ಮಾಡಿದವು. 2003ರ ವರ್ಗೀಕರಣ ಅಂತ ಅದನ್ನು ಕರೆಯುತ್ತೇವೆ. ಅದರಲ್ಲಿ ಕ್ಲಾಸ್ 4ರ ಒಳಗೆ ಇನ್ನೂ ಎರಡು ಭಾಗ ಇತ್ತು. ಗೊಂಚಲಿನ ಒಂದು ಪಾಲು ಕೆಟ್ಟಿದ್ದರೆ ಒಂದು, ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಇನ್ನೊಂದು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಒಂದೇ ಸ್ಲೈಡ್ ಅನ್ನು ಬೇರೆ ಬೇರೆಯವರಿಗೆ ಕೊಟ್ಟರೆ ಉತ್ತರ ಒಂದೇ ಬರುತ್ತಿರಲಿಲ್ಲ. 2018ರ ಪರಿಷ್ಕರಣೆಯಲ್ಲಿ ಆ ಭಾಗವನ್ನೇ ಕೈಬಿಟ್ಟರು. ಮೆಸಾಂಜಿಯಮ್‌ನಲ್ಲಿ, ಅಂದರೆ ಗೊಂಚಲಿನ ರಕ್ತನಾಳಗಳನ್ನು ಹಿಡಿದಿಡುವ ನಡುವಿನ ಭಾಗದಲ್ಲಿ, ಎಷ್ಟು ಜೀವಕೋಶ ಇದ್ದರೆ 'ಹೆಚ್ಚು' ಅನ್ನಬೇಕು ಅನ್ನುವ ಲೆಕ್ಕವನ್ನೂ ಮೂರರಿಂದ ನಾಲ್ಕಕ್ಕೆ ಏರಿಸಿದರು. ಮೂರೋ ನಾಲ್ಕೋ ಅಂತ ಇಷ್ಟು ಜನ ಕೂತು ಚರ್ಚೆ ಮಾಡುವುದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ನನಗೆ ಅದರ ಬಗ್ಗೆ ತುಂಬಾ ಗೌರವ. ಊರಿಗೊಂದು ಸೇರು ಇದ್ದರೆ ಅಕ್ಕಿ ಅಳೆಯುವುದು ಹೇಗೆ?

ಕಸಿ ಮಾಡಿದ ಕಿಡ್ನಿಯದ್ದೂ ಇದೇ ಕಥೆ. ದೇಹ ಆ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯಾ ಅನ್ನುವುದನ್ನು ಮೊದಲು ಒಂದೊಂದು ಆಸ್ಪತ್ರೆ ಒಂದೊಂದು ಥರ ಬರೆಯುತ್ತಿತ್ತು. 1991ರಲ್ಲಿ ಕಿಮ್ ಸೋಲೆಜ್, ಲೊರೇನ್ ರಾಕ್ಯುಸೆನ್ ಮತ್ತು ಇನ್ನು ಕೆಲವರು ಕೆನಡಾದ ಬ್ಯಾನ್ಫ್ ಅನ್ನುವ ಬೆಟ್ಟದೂರಿನಲ್ಲಿ ಸೇರಿ ಒಂದು ಅಳತೆ ಹಾಕಿದರು. ಇವತ್ತು ಬೆಂಗಳೂರಿನಲ್ಲಿ ಕೂತು ನಾನು ಬರೆಯುವ ರಿಪೋರ್ಟ್‌ನಲ್ಲೂ ಬ್ಯಾನ್ಫ್ ಅಂಕಿಗಳೇ ಇರುತ್ತವೆ.

ಈಗ ನಮ್ಮ ಸಂಘಕ್ಕೆ ಬರುತ್ತೇನೆ. ಮೊದಲ ವರ್ಷ ಸಭೆಗಳು ಸಪ್ಪೆಯಾಗಿದ್ದವು. ಸ್ಲೈಡ್ ತೋರಿಸುತ್ತಿದ್ದೆವು, ಹಿರಿಯರೊಬ್ಬರು ಹೇಳುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಗೌರವದಿಂದಲೇ, ತಪ್ಪು ತಿಳಿಯಬೇಡಿ. ಆದರೆ ಹಿರಿಯರ ಎದುರು "ನನಗೆ ಹಾಗೆ ಕಾಣ್ತಿಲ್ಲ ಸರ್" ಅನ್ನುವುದು ನಮ್ಮಲ್ಲಿ ಸುಲಭ ಅಲ್ವಲ್ಲ. ಅದಕ್ಕೆ ಒಂದು ನಿಯಮ ಮಾಡಿದೆವು. ಸ್ಲೈಡ್‌ಗಳು ಒಂದು ವಾರ ಮೊದಲೇ ಎಲ್ಲರಿಗೂ ಹೋಗುತ್ತವೆ. ರೋಗಿಯ ಹೆಸರು ಇರುವುದಿಲ್ಲ. ಪ್ರತಿಯೊಬ್ಬರೂ ಸಭೆಗೆ ಮೊದಲೇ ಉತ್ತರ ಬರೆದು ಕಳಿಸಬೇಕು. ಸಭೆಯಲ್ಲಿ ಚಿಕ್ಕವರು ಮೊದಲು ಮಾತಾಡಬೇಕು.

ನಿಯಮ ಬಂದ ಎರಡನೇ ತಿಂಗಳು ನಾನೇ ಒಂದು ಲೂಪಸ್ ಕೇಸ್ ಕೊಟ್ಟೆ. ಕ್ಲಾಸ್ 2 ಅಂತ ಅದೇ ವಾರ ರಿಪೋರ್ಟ್ ಕೊಟ್ಟಿದ್ದೆ. ಕಲಿಸುವುದಕ್ಕೆ ಒಳ್ಳೆಯದು ಅಂತ ಆರಿಸಿದ್ದೆ. ಬಂದ ಉತ್ತರಗಳಲ್ಲಿ ಹುಬ್ಬಳ್ಳಿಯ ಹುಡುಗಿಯೊಬ್ಬಳದು ಮಾತ್ರ ಬೇರೆ ಇತ್ತು. ಎಂ.ಡಿ. ಮುಗಿಸಿ ಎರಡು ವರ್ಷ ಆಗಿತ್ತು ಅಷ್ಟೇ. "ಕ್ಲಾಸ್ 3. ಕೊನೆಯ ಸ್ಲೈಡ್‌ನ ಅಂಚಿನ ಗೊಂಚಲು ನೋಡಿ" ಅಂತ ಬರೆದಿದ್ದಳು. ನೋಡಿದೆ. ಅವಳು ಹೇಳಿದ್ದು ನಿಜ. ಅಲ್ಲಿಂದಲೇ ಆ ರೋಗಿಯ ಡಾಕ್ಟರಿಗೆ ಫೋನ್ ಮಾಡಿದೆ. ರಿಪೋರ್ಟ್ ತಿದ್ದಿ ಕಳಿಸಿದೆ, ಔಷಧಿ ಬದಲಾಯಿತು. ಆಮೇಲೆ ಅವಳನ್ನು ಕೇಳಿದೆ, ಎಲ್ಲರ ಎದುರು ಬಾಯಲ್ಲಿ ಹೇಳಬೇಕಿದ್ದರೆ ಹೇಳುತ್ತಿದ್ದೆಯಾ ಅಂತ. "ಇಲ್ಲರಿ ಮೇಡಂ" ಅಂದಳು.

ದುಡ್ಡಿನ ವಿಷಯ ಜಾಸ್ತಿ ಹೇಳುವುದಿಲ್ಲ. ಸದಸ್ಯರ ವಂತಿಗೆಯಲ್ಲೇ ನಡೆಸುತ್ತೇವೆ. ನಾವು ಬರೆಯುವ ಸಾಲನ್ನು ನೋಡಿ ಔಷಧಿ ಮಾರಾಟ ಆಗುವಾಗ, ಔಷಧಿ ಕಂಪನಿಯ ಊಟ ಉಂಡು ಆ ಸಾಲಿನ ಬಗ್ಗೆ ಚರ್ಚೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಸಂಘ ಮಾಡಿದ ಕೆಲಸಗಳಲ್ಲಿ ಯಾವುದು ದೊಡ್ಡದು ಅಂದರೆ ಒಂದು ಚೀಟಿ ಅನ್ನುತ್ತೇನೆ. ಕಿಡ್ನಿ ಬಯಾಪ್ಸಿಯಲ್ಲಿ ಸಾಧ್ಯವಾದರೆ ಎರಡು ತುಣುಕು ತೆಗೆಯುತ್ತಾರೆ. ಒಂದು ಫಾರ್ಮಲಿನ್‌ಗೆ, ಅಂದರೆ ತುಣುಕು ಕೊಳೆಯದಂತೆ ಇಡುವ ದ್ರಾವಣಕ್ಕೆ, ಹೋಗಬೇಕು. ಇನ್ನೊಂದು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ, ಅಂದರೆ ತುಣುಕಿನಲ್ಲಿ ಕೂತ ರೋಗನಿರೋಧಕ ಪ್ರೋಟೀನುಗಳನ್ನು ಹೊಳೆಯುವ ಬಣ್ಣ ಹಾಕಿ ಹುಡುಕುವುದಕ್ಕೆ. ಅದನ್ನು ಫಾರ್ಮಲಿನ್‌ಗೆ ಹಾಕಲೇಬಾರದು. ಲ್ಯಾಬ್ ಹತ್ತಿರ ಇದ್ದರೆ ಸಲೈನ್ ಸಾಕು. ದೂರದಿಂದ ಬರುವುದಾದರೆ ಮಿಚೆಲ್ಸ್ ದ್ರಾವಣದಲ್ಲಿ ಕೆಲವು ದಿನ ಕೆಡದೆ ಇರುತ್ತದೆ. ಐಜಿಎ ನೆಫ್ರೊಪತಿಯಂಥ (ಐಜಿಎ ಅನ್ನುವ ರೋಗನಿರೋಧಕ ಪ್ರೋಟೀನು ಗೊಂಚಲುಗಳಲ್ಲಿ ಕೂತುಬಿಡುವ) ಕಾಯಿಲೆಯನ್ನು ಈ ಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳಲು ಆಗುವುದಿಲ್ಲ. 1968ರಲ್ಲಿ ಪ್ಯಾರಿಸ್‌ನ ಜಾನ್ ಬರ್ಜೆ ಮತ್ತು ನಿಕೋಲ್ ಆಂಗ್ಲೆ ಅದನ್ನು ಗುರುತಿಸಿದ್ದೂ ಇದೇ ದಾರಿಯಿಂದ.

ಆದರೆ ನಮಗೆ ಎರಡೂ ತುಣುಕುಗಳು ಒಂದೇ ಫಾರ್ಮಲಿನ್ ಬಾಟಲಿಯಲ್ಲಿ ಬರುತ್ತಿದ್ದವು. ಕಿಣ್ವ ಹಾಕಿ ಹೇಗೋ ಪರೀಕ್ಷೆ ಮಾಡಬಹುದು, ಆದರೆ ಎಲ್ಲ ಸಲವೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಬೇರೆ ದಾರಿ ಇಲ್ಲದಿದ್ದರೆ ರೋಗಿ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು. ತಪ್ಪು ಟೆಕ್ನಿಷಿಯನ್ ಹುಡುಗರದಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಇದ್ದ ಸೂಚನೆಯೆಲ್ಲ ಇಂಗ್ಲಿಷಿನಲ್ಲಿತ್ತು. ನಾವು ಕನ್ನಡದಲ್ಲಿ ಒಂದು ಪುಟ ಬರೆದೆವು. ಯಾವ ತುಣುಕು ಯಾವ ಬಾಟಲಿಗೆ, ತೆಗೆದ ಸಮಯ ಎಲ್ಲಿ ಬರೆಯಬೇಕು, ಫಾರ್ಮಲಿನ್ ಮುಟ್ಟಿದ ಚಿಮಟವನ್ನು ಇನ್ನೊಂದಕ್ಕೆ ಯಾಕೆ ಬಳಸಬಾರದು, ಇಷ್ಟೇ. ಬಾಟಲಿಗೆ ಅಂಟಿಸಲು ಕೆಂಪು, ನೀಲಿ ಸ್ಟಿಕ್ಕರ್ ಮಾಡಿಸಿ ಕಳಿಸಿದೆವು.

ಕಳೆದ ವಾರ ವಿಜಯಪುರದ ಕಡೆಯಿಂದ ಒಂದು ಡಬ್ಬಿ ಬಂತು. ಒಳಗೆ ಎರಡು ಬಾಟಲಿ. ಒಂದಕ್ಕೆ ಕೆಂಪು ಸ್ಟಿಕ್ಕರ್, ಒಂದಕ್ಕೆ ನೀಲಿ. ಎರಡರ ಮೇಲೂ ದುಂಡಗಿನ ಕನ್ನಡ ಅಕ್ಷರದಲ್ಲಿ ಸಮಯ ಬರೆದಿತ್ತು. ರೋಗಿಗೆ ಇಪ್ಪತ್ತಾರು ವರ್ಷ, ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಕತ್ತಲೆ ರೂಮಿನಲ್ಲಿ ಐಜಿಎ ಸ್ಲೈಡ್ ಇಟ್ಟು ನೋಡಿದೆ. ಗೊಂಚಲುಗಳೆಲ್ಲ ಹಚ್ಚ ಹಸಿರಾಗಿ ಹೊಳೆಯುತ್ತಿದ್ದವು. ರಿಪೋರ್ಟ್ ಮರುದಿನವೇ ಹೋಯಿತು. ಸಮಯ ಬರೆದ ಆ ಟೆಕ್ನಿಷಿಯನ್‌ಗೂ ಫೋನ್ ಮಾಡಿ ಹೇಳಿದೆ.